ಸಾಹೇಬರ ಮೊಣಕಾಲು

ಜನವರಿ ೨೦, ೨೦೧೩, ಭಾನುವಾರ

ಈ ಡೈರಿ ನಾನು ಕೆಲಸ ಮಾಡುವ ಪೆಟ್ರೋಲ್ ಬಂಕಿನ ಮ್ಯಾನೇಜರ್ ಕೃಷ್ಣಪ್ಪ ಸಾರ್ ಕೊಟ್ಟಿದ್ದು. ಎಂಜಿನ್ ಆಯಿಲ್ ಕಂಪನಿಯವರು ಹೊಸ ವರ್ಷಕ್ಕೆ ಹಂಚಿದ್ದಂತೆ. ಇಷ್ಟು ಚೆಂದದ ಹಾಳೆಗಳು ಸುಮ್ಮನೆ ಧೂಳು ತಿನ್ನುವುದನ್ನು ನೋಡಲಾಗಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮೊದಲ ಸಲಕ್ಕೇ ಪಾಸಾದವಳು, ಅಕ್ಷರ ದುಂಡಗಿದೆ. ಇನ್ನೊಂದು ಕಾರಣವೂ ಇದೆ. ನಾನು ಬಾಯಿ ತೆರೆದರೆ ಸಾಕು, ನಮ್ಮ ಸಾಹೇಬರಿಗೆ ನಿದ್ದೆ ಬರುತ್ತದೆ. ಗೋಡೆಗೆ ಹೇಳಿಕೊಳ್ಳುವುದಕ್ಕಿಂತ ಹಾಳೆಗೆ ಹೇಳಿಕೊಳ್ಳುವುದು ವಾಸಿ.

ಸಾಹೇಬರು ಅಂದರೆ ನನ್ನ ಗಂಡ. ನಮ್ಮ ಲಿಂಗಸುಗೂರಿನ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಬರೆಯಬಹುದೋ ಏನೋ, ಯಾರೂ ಹೇಳಿಕೊಟ್ಟಿಲ್ಲ. ಬೇಡ ಬಿಡು, ಸಾಹೇಬರೇ ಇರಲಿ. ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್ ಕೂರಿಸುವ ಸಾಹೇಬರು! ಊರವರ ನೆಲವನ್ನೆಲ್ಲ ಫಳಫಳ ಮಾಡಿ ಬರುತ್ತಾರೆ, ಕಾಡುಗೋಡಿಯ ನಮ್ಮ ಬಾಡಿಗೆ ಕೋಣೆಯಲ್ಲಿ ಸಿಮೆಂಟು ಕಿತ್ತು ಗುಳಿ ಬಿದ್ದಿದೆ.

ಇವತ್ತು ಬರೆಯಲೇಬೇಕು ಅನ್ನಿಸಿದ್ದು ಮೆಟ್ಟಿಲ ಮೇಲೆ ಆದದ್ದಕ್ಕೆ. ನಮ್ಮದು ಮೂರನೇ ಮಹಡಿ. ಸಂತೆ ಮಾಡಿಕೊಂಡು ಬಂದು ಇಬ್ಬರೂ ಹತ್ತುತ್ತಿದ್ದೆವು. ಚೀಲ ಅವರ ಕೈಯಲ್ಲಿ, ನನ್ನ ಕೈಯಲ್ಲಿ ಕೊತ್ತಂಬರಿ ಕಟ್ಟು. ಮೊದಲ ಮಹಡಿ ಬಂದಾಗ ಸಾಹೇಬರು ಗೋಡೆಗೆ ಕೈಕೊಟ್ಟು ನಿಂತುಬಿಟ್ಟರು.

“ತಡಿ ಮಾರಾಯ್ತಿ, ಮಣಕಾಲ ಹಿಡದಾವು.”

“ದಮ್ಮು ಹತ್ತೇತೇನ್ರೀ?”

“ದಮ್ಮಲ್ಲಾ, ಮಣಕಾಲ.”

ಎರಡನೇ ಮಹಡಿಯಲ್ಲೂ ಅದೇ ಕಥೆ. ನಾನೂ ನಿಂತೆ. ನಿಂತದ್ದು ಒಳ್ಳೆಯದೇ ಆಯಿತು, ನನಗೂ ಏದುಸಿರು ಬಂದಿತ್ತು. ಬಿಸಿಲಲ್ಲಿ ಸಂತೆ ಸುತ್ತಿದರೆ ಯಾರಿಗೆ ಬರುವುದಿಲ್ಲ! ಆದರೆ ಇವರ ಮೊಣಕಾಲಿನ ಮಾತನ್ನು ನಾನು ನಂಬುವುದಿಲ್ಲ. ನಮ್ಮ ಮಾವ ಇದೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಕಣದಲ್ಲಿ ಕೂತವರು ಮತ್ತೆ ಏಳಲಿಲ್ಲ. ಬೆಳಿಗ್ಗೆ ಅವರೂ “ಬೆನ್ನ ಹಿಡದೇತಿ” ಅಂದಿದ್ದರಂತೆ. ಈ ಮನೆತನದ ಗಂಡಸರು ಎದೆ ನೋವನ್ನು ಎದೆ ನೋವು ಅನ್ನುವವರಲ್ಲ.

ಜನವರಿ ೨೯, ಮಂಗಳವಾರ

ಇವತ್ತು ಕೃಷ್ಣಪ್ಪ ಸಾರ್ ಹೊಸದಾಗಿ ಸೇರಿದ ಹುಡುಗಿಗೆ ನನ್ನ ಕೆಲಸ ತೋರಿಸಿದರು. “ನೋಡಮ್ಮ, ಫುಲ್ ಟ್ಯಾಂಕ್ ಅಂದ್ರೆ ದುರ್ಗವ್ವ ಮಾಡ್ದಂಗೆ ಮಾಡ್ಬೇಕು” ಅಂದರು. ನನಗೆ ಒಳಗೊಳಗೇ ಹಿಗ್ಗು.

ಮೆಷಿನ್ ತನ್ನಷ್ಟಕ್ಕೆ ತಾನೇ ಟಕ್ ಎಂದು ನಿಲ್ಲುತ್ತದೆ. ಆದರೆ ಬೈಕಿನವರಿಗೆ ಅಷ್ಟು ಸಾಲದು. “ಇನ್ನೂ ಹಿಡಿಯುತ್ತೆ ಹಾಕಿ ಅಕ್ಕ, ಕತ್ತಿನವರೆಗೂ ಬರಲಿ” ಅನ್ನುತ್ತಾರೆ. ಆಗ ಬಗ್ಗಿ ಟ್ಯಾಂಕಿನ ಬಾಯಿಗೆ ಕಿವಿ ಕೊಡಬೇಕು. ಕೊಡ ತುಂಬುವಾಗ ಆಗುವ ಹಾಗೆ ಒಳಗಿನ ಸದ್ದು ಸಣ್ಣಗಾಗುತ್ತಾ ಬರುತ್ತದೆ. ತೀರಾ ಸಣ್ಣಗಾದ ಗಳಿಗೆಯಲ್ಲಿ ಕೈ ಬಿಟ್ಟರೆ ಒಂದು ಹನಿ ಹೊರಗೆ ಚೆಲ್ಲುವುದಿಲ್ಲ. ಈ ಬಂಕಿನಲ್ಲಿ ಹೀಗೆ ಕಿವಿಯಿಂದ ತುಂಬುವವಳು ನಾನೊಬ್ಬಳೇ. ಎರಡನೇ ನಂಬರ್ ಪಂಪಿನ ಮುಂದೆ ಸಾಲು ಉದ್ದ ಇರುವುದು ಅದಕ್ಕೇ.

ಪಕ್ಕದ ಪಂಪಿನ ಚಿಕ್ಕಮುನಿಯಮ್ಮನಿಗೆ ನನ್ನನ್ನು ಕಂಡರೆ ನಗು. “ಅದ್ಯಾಕಮ್ಮಿ ಅಂಗೆ ಬಗ್ಗೀಯ? ಒಂದಿನ ಟ್ಯಾಂಕಿನೊಳಿಕ್ಕೇ ಬಿದ್ದೋಯ್ತೀಯ ನೋಡು” ಅಂದಳು. ಅವಳು ಹೊಸಕೋಟೆಯ ಕಡೆಯವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಸಂಜೆ ತಲೆನೋವು ಬಂದಾಗ ನನ್ನ ಪಂಪನ್ನೂ ಅವಳೇ ನೋಡಿಕೊಂಡಳು. ತಲೆನೋವು ಬಂಕಿನಲ್ಲಿ ಎಲ್ಲರಿಗೂ ಇದ್ದದ್ದೇ, ಒಂದು ಟೀ ಕುಡಿದರೆ ತೆಪ್ಪಗಾಗುತ್ತದೆ. ಹೊರಡುವಾಗ ಕೈಗೆ ಹತ್ತಿದ ಆಯಿಲ್ ಜಿಡ್ಡನ್ನು ಪೆಟ್ರೋಲಿನಲ್ಲೇ ತೊಳೆದುಕೊಂಡೆ. ಸೋಪಿಗೆ ಆ ಜಿಡ್ಡು ಬಗ್ಗುವುದಿಲ್ಲ.

ಮನೆಗೆ ಬಂದರೆ ನಾನು ಚಪ್ಪಲಿ ಬಿಡುವುದರೊಳಗೆ ಸಾಹೇಬರು ಕಿಟಕಿ ತೆರೆದರು.

“ನಿನಗ ವಾಸನಿ ಬರಂಗಿಲ್ಲೇನು?”

“ಯಾವ ವಾಸನಿ?”

ಅವರು ನನ್ನ ಯೂನಿಫಾರಂ ತೆಗೆದುಕೊಂಡು ಹೋಗಿ ಹೊರಗಿನ ಕಂಬಿಗೆ ಹಾಕಿ ಬಂದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಮೂಗಿಗೆ ಬಡಿಯುತ್ತಿತ್ತು. ಈಗ ಏನೂ ಗೊತ್ತಾಗುವುದಿಲ್ಲ, ಮೂಗು ಪಳಗಿದೆ.

ಫೆಬ್ರವರಿ ೧೦, ಭಾನುವಾರ

ಮೊದಲ ಮಹಡಿಯ ಸವಿತಾಳ ಕುಬಸ. ಸಿಂಧನೂರಿನ ಹುಡುಗಿ, ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಹೋಗದೆ ತಾಯಿಯನ್ನೇ ಇಲ್ಲಿಗೆ ಕರೆಸಿಕೊಂಡಿದ್ದಾಳೆ. ಹಸಿರು ಸೀರೆ, ಹಸಿರು ಬಳೆ, ಮುಖದ ತುಂಬ ನಗು. ನಮ್ಮ ಕಡೆಯ ಹೆಂಗಸರೆಲ್ಲ ಸೇರಿದ ಮೇಲೆ ಕೇಳಬೇಕೇ, ಒಡಪು ಹಾಕಿ ಗಂಡನ ಹೆಸರು ಹೇಳಲೇಬೇಕು ಎಂದು ಪಟ್ಟು ಹಿಡಿದರು. ವರ್ಷವೆಲ್ಲ ಹೇಳದ ಹೆಸರನ್ನು ಹೇಳಲು ಇದೊಂದೇ ದಾರಿ. ಎರಡು ಸಾಲು ಪ್ರಾಸ ಕಟ್ಟಬೇಕು, ನಡುವೆ ಹೆಸರು ಸಿಗಿಸಬೇಕು. ನಾನು ಬೆಳ್ಳಿ ಬಟ್ಟಲು, ಬಂಗಾರದ ಚಮಚ ಎಂದು ಎಲ್ಲರೂ ಹೇಳುವ ಹಳೆಯದನ್ನೇ ಹೇಳಿ, ಹೆಸರು ಬಂದಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದೆ.

ಸಾಹೇಬರು ಬಾಗಿಲಾಚೆ ಗಂಡಸರ ಜೊತೆ ಕೂತು ಎಲ್ಲ ಕೇಳಿಸಿಕೊಂಡಿದ್ದಾರೆ! ಮೆಟ್ಟಿಲು ಹತ್ತುವಾಗ ಕಾಡಿಸಿದರು.

“ನಮ್ಮ ಮನ್ಯಾಗ ಬೆಳ್ಳಿ ಬಟ್ಟಲ ಎಲ್ಲೈತ್ಲೇ? ಇದ್ದದ್ದು ಹೇಳಬೇಕು.”

“ಇದ್ದದ್ದು ಹೇಳಾಕ ಏನೈತಿ ನಮ್ಮ ಮನ್ಯಾಗ? ಬೀಡಿ ಕಟ್ಟು, ಮುರುಕು ಫ್ಯಾನು.”

ನಗುತ್ತಾ ನಗುತ್ತಾ ಎರಡನೇ ಮಹಡಿಗೆ ಬಂದಾಗ ಮತ್ತೆ ನಿಂತರು, ಮೊಣಕಾಲು ತಿಕ್ಕಿಕೊಂಡರು. ನನ್ನ ನಗು ಹಾರಿಹೋಯಿತು. ನಾನೂ ಗೋಡೆಗೆ ಒರಗಿದೆ. ಅವರನ್ನು ಹಾಗೆ ನೋಡಿ ನನ್ನ ಎದೆಯೇ ಡಬಡಬ ಹೊಡೆದುಕೊಳ್ಳುತ್ತಿತ್ತು, ನಿಲ್ಲಲು ಬಹಳ ಹೊತ್ತು ಹಿಡಿಯಿತು. ದೇವರೇ, ಈ ಮನುಷ್ಯನಿಗೆ ಏನೂ ಆಗದಿರಲಿ. ಇವರಿಲ್ಲದ ಮನೆಯಲ್ಲಿ ನಾನು ಯಾರನ್ನು ಬೈಯಲಿ?

ಫೆಬ್ರವರಿ ೧೩, ಬುಧವಾರ

ಬೀಡಿ ಬಂದ್. ಉಪ್ಪಿನಕಾಯಿ ಬಂದ್. ಪಲ್ಯಕ್ಕೆ ಉಪ್ಪು ಅರ್ಧ. ದಿನಾ ಬೆಳಿಗ್ಗೆ ಬೆಳ್ಳುಳ್ಳಿ. ಎಲ್ಲ ಸಾಹೇಬರಿಗೆ. ಬೀಡಿ ಕಟ್ಟು ಹುಡುಕಿ ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅವರ ಪಾಲಿನ ಉಪ್ಪಿನಕಾಯಿಯನ್ನು ಕೆಡಿಸಬಾರದೆಂದು ನಾನೇ ತಿಂದೆ.

ಮಾರ್ಚ್ ೨, ಶನಿವಾರ

ಬಿಸಿಲು ಸುಡುತ್ತಿದೆ. ಮಧ್ಯಾಹ್ನ ಟ್ಯಾಂಕರ್ ಬಂತು. ಲೋಡ್ ಇಳಿಸುವಾಗ ನೆಲದೊಳಗಿನ ಟ್ಯಾಂಕಿನ ಮುಚ್ಚಳ ತೆಗೆದರೆ ಅದರ ಬಾಯಿಯ ಮೇಲೆ ಗಾಳಿ ನಡುಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಡಿಪ್ ಕಡ್ಡಿ ಇಳಿಸಿ ಮಟ್ಟ ನೋಡುವ ಕೆಲಸದವನು ಬಂದಿರಲಿಲ್ಲ, ನಾನೇ ನೋಡಿದೆ. ನನಗೆ ಅದೂ ಬರುತ್ತದೆ.

ಕಡ್ಡಿ ಮೇಲೆತ್ತಿ ಅಳತೆ ಓದುವಾಗ ಗೀಟುಗಳೆಲ್ಲ ಒಂದರ ಮೇಲೊಂದು ಬಂದವು. ಎದೆಯೊಳಗೆ ಏನೋ ಒಂದು ಸಲ ಜಿಗಿದು, ಸ್ವಲ್ಪ ತಡೆದು, ಮತ್ತೆ ಜಿಗಿಯಿತು. ಚಿಕ್ಕಮುನಿಯಮ್ಮ ಓಡಿಬಂದು ರಟ್ಟೆ ಹಿಡಿದು ನೆರಳಿಗೆ ಕೂರಿಸಿದಳು.

“ಏನಮ್ಮಿ ಇಂಗೆ ಬೆವ್ತೋಗಿದ್ದೀಯಾ! ಮನೀಗೋಗು.”

“ಏನಿಲ್ಲ ಬಿಡಕ್ಕ, ಮುಂಜಾನಿ ಸರಿ ಉಂಡಿಲ್ಲ.”

ಕೃಷ್ಣಪ್ಪ ಸಾರ್ ಸೋಡಾ ತರಿಸಿಕೊಟ್ಟರು. ಒಳ್ಳೆಯ ಮನುಷ್ಯ. ಸ್ವಲ್ಪ ಹೊತ್ತಿಗೆ ಎದ್ದು ಪಂಪಿಗೆ ಹೋದೆ. ನನಗೆ ಗೊತ್ತು, ಇದೆಲ್ಲ ಸಾಹೇಬರ ಚಿಂತೆಯಿಂದ ಆಗುವುದು. ಅವರಿಗೆ ಹೇಳಲಿಲ್ಲ. ಎದೆ ಸರಿಯಿಲ್ಲದವರಿಗೆ ಇಂಥ ಸುದ್ದಿ ಹೇಳಬಾರದು.

ಮಾರ್ಚ್ ೧೦, ಶಿವರಾತ್ರಿ

ಇವತ್ತು ಜಗಳ ಆಯಿತು, ಅದೂ ಉಪವಾಸದ ದಿನ.

ಬೆಳಿಗ್ಗೆ ನಾನು ಏಳುವುದರೊಳಗೆ ಸಾಹೇಬರು ಕೆಳಗಿನ ನಲ್ಲಿಯಿಂದ ಎಲ್ಲ ಕೊಡ ತಂದು ತುಂಬಿಸಿಟ್ಟಿದ್ದರು. ಎದೆ ರೋಗದ ಮನುಷ್ಯ ಕೊಡ ಹೊತ್ತು ಮೂರು ಮಹಡಿ ಹತ್ತುವುದೇ! “ನಿಮಗ ಬುದ್ಧಿ ಐತೇನ್ರೀ?” ಎಂದು ಬೈದೆ. ನಗುತ್ತಾ ನಿಂತರು. ಬೆವರೂ ಬಂದಿರಲಿಲ್ಲ ಪುಣ್ಯಾತ್ಮನಿಗೆ.

ಅವರಿಗೆ ಇವತ್ತು ರಜೆ, ನನಗಿಲ್ಲ. ಮಧ್ಯಾಹ್ನ ಖರ್ಜೂರ, ಬಾಳೆಹಣ್ಣು ಕಟ್ಟಿಕೊಂಡು ಬಂಕಿಗೇ ಬಂದರು. ನಾನು ಒಂದು ಬುಲೆಟ್ಟಿನ ಟ್ಯಾಂಕಿಗೆ ಕಿವಿ ಕೊಟ್ಟು ತುಂಬಿಸುತ್ತಿದ್ದೆ. ತಲೆ ಎತ್ತಿದರೆ ಸಾಹೇಬರು ಹೊಂಗೆ ಮರದ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು. ಅವರ ಮುಖ ಹಾಗೆ ಆಗಿದ್ದನ್ನು ನಾನು ಮಾವ ತೀರಿಕೊಂಡ ದಿನ ಮಾತ್ರ ಕಂಡಿದ್ದೆ.

“ಮಾರಿ ಅಷ್ಟ ಹತ್ರ ಯಾಕ ಒಯ್ತಿ? ಅದೆಲ್ಲಾ ಒಳಗ ಹೊಕ್ಕೈತಿ ದುರ್ಗಿ. ಈ ಕೆಲಸ ಬಿಟ್ಟುಬಿಡು.”

ಬಿಟ್ಟುಬಿಡು ಅಂತೆ! ನನಗೆ ಮೈಯೆಲ್ಲ ಉರಿಯಿತು. ಊರಿನಲ್ಲಿ ನಾನು ಯಾರದೋ ಮಗಳು, ಯಾರದೋ ಸೊಸೆ. ಇಲ್ಲಿ ಎರಡನೇ ಪಂಪಿನ ದುರ್ಗವ್ವ. ಕಾರಿನವರು ಗಾಜು ಇಳಿಸಿ “ಚೆನ್ನಾಗಿದ್ದೀರಾ ಅಕ್ಕ” ಅನ್ನುತ್ತಾರೆ. ಅದನ್ನೆಲ್ಲ ಬಿಟ್ಟು ಮತ್ತೇನು ಮಾಡಲಿ? “ನೀವು ಬೀಡಿ ಬಿಡ್ರಿ ಮೊದ್ಲ, ಆಮ್ಯಾಲ ನಂಗ ಹೇಳ್ರಿ” ಎಂದು ಎಲ್ಲರೆದುರು ಅಂದುಬಿಟ್ಟೆ. ಅವರು ಖರ್ಜೂರದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟು ಹೋದರು.

ಮಾರ್ಚ್ ೧೨, ಮಂಗಳವಾರ

ಇನ್ನೂ ಮಾತಿಲ್ಲ. ಮೆಟ್ಟಿಲಲ್ಲಿ ಮಾತ್ರ ಎರಡೂ ಕಡೆ ನಿಂತರು, ಮೊಣಕಾಲು ತಿಕ್ಕಿದರು. ಮಾತು ಬಿಟ್ಟರೂ ಮೊಣಕಾಲು ಬಿಡಲಿಲ್ಲ ನೋಡು. ಸಂಜೆ ಮಲ್ಲಿಗೆ ತಂದು ನನ್ನ ದಿಂಬಿನ ಪಕ್ಕ ಇಟ್ಟಿದ್ದರು. ಮುಡಿದೆ. ಸಿಟ್ಟು ಮಲ್ಲಿಗೆಯ ಮೇಲಲ್ಲವಲ್ಲ.

ಮಾರ್ಚ್ ೨೪, ಭಾನುವಾರ

ಸಾಹೇಬರ ಕಾರುಬಾರು ನೋಡಬೇಕು. ಹೋದ ವಾರ ಸೈಟಿನಲ್ಲಿ ಯಾರೋ ಎಸೆದಿದ್ದ ಪ್ಲಾಸ್ಟಿಕ್ ಕುರ್ಚಿ ತಂದು, ಮುರಿದ ಕಾಲಿಗೆ ತಂತಿ ಸುತ್ತಿ, ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಇಟ್ಟಿದ್ದಾರೆ. ಅದೂ ತಮ್ಮ ಮೊಣಕಾಲಿಗಂತೆ. ಕುರ್ಚಿ ಬೇಕಾಗುವಷ್ಟು ಜಾಸ್ತಿಯಾಗಿದೆಯೇ ಇವರಿಗೆ?

ಆದರೆ ಕುರ್ಚಿಯಲ್ಲಿ ಅವರು ಕೂರುವುದೇ ಇಲ್ಲ. “ನೀ ಕುಂದ್ರು, ನನಗ ಮೆಟ್ಟಲ ಮ್ಯಾಲ ಕಾಲು ಚಾಚಿದ್ರ ಹಿತ” ಎಂದು ಕೆಳಗೆ ಕೂರುತ್ತಾರೆ. ನಾನು ರಾಣಿಯ ಹಾಗೆ ಮೇಲೆ. ದಿನಾ ಸಂಜೆ ಅಲ್ಲಿ ಕೂತು ಮಾತಾಡುವುದು ರೂಢಿಯಾಗಿದೆ. ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಪಿಯುಸಿ ಓದುತ್ತಿರುವ ಮಗಳು ಶೈಲಾಳ ಫೋನು ಬರುವುದೂ ಆಗಲೇ. “ಎಲ್ಲದೀರಿ?” ಅಂದರೆ “ಮೆಟ್ಟಲ ಮ್ಯಾಲ” ಅನ್ನುತ್ತೇವೆ, ಅವಳಿಗೆ ನಗು. ಕೆಲಸ ಬಿಟ್ಟು ಬರುವಾಗ ಒಬ್ಬಳೇ ಬೇಗ ಬೇಗ ಹತ್ತಿಬಿಡೋಣವೆಂದರೂ ಆಗುವುದಿಲ್ಲ, ಬಸ್ ಸ್ಟಾಪಿನಲ್ಲಿ ಸಾಹೇಬರು ಕಾದು ನಿಂತಿರುತ್ತಾರೆ. ಮೊದಲು ಹೀಗಿರಲಿಲ್ಲ ಇವರು. ಮೊಣಕಾಲು ನೋವು ಮನುಷ್ಯನನ್ನು ಎಷ್ಟು ಒಳ್ಳೆಯವನನ್ನಾಗಿ ಮಾಡುತ್ತದೆ!

ಏಪ್ರಿಲ್ ೬, ಶನಿವಾರ

ಬೇಟೆ ಸಿಕ್ಕಿತು. ಮುಂದಿನ ಭಾನುವಾರ ಶಾಲೆಯ ಮೈದಾನದಲ್ಲಿ ಹೃದಯ ತಪಾಸಣೆಯ ಕ್ಯಾಂಪ್, ಪುಕ್ಕಟೆ. ಸಾಹೇಬರು ಹಟ ಮಾಡುತ್ತಾರೆಂದು ಅಳುವುದಕ್ಕೂ ಸಿದ್ಧಳಾಗಿ ಹೋಗಿದ್ದೆ. ಹೇಳುವುದೇ ತಡ, “ಹೋಗೂಣಂತ” ಅಂದರು. ಒಂದೇ ಶರತ್ತು, ನಾನೂ ತೋರಿಸಿಕೊಳ್ಳಬೇಕಂತೆ.

“ನನಗೇನಾಗೇತಿ?”

“ಏನೂ ಆಗಿಲ್ಲಲ್ಲ, ಮತ್ತ ತೋರಸಾಕ ಏನು?”

ಹೂಂ ಅಂದೆ. ಮಕ್ಕಳಿಗೆ ಔಷಧಿ ಕುಡಿಸುವಾಗ ತಾಯಿ ಒಂದು ಗುಟುಕು ಕುಡಿದು ತೋರಿಸಬೇಕಾಗುತ್ತದೆ, ಹಾಗೆ.

ಏಪ್ರಿಲ್ ೧೧, ಯುಗಾದಿ

ಬೇವು ಬೆಲ್ಲ ಕೊಟ್ಟು ಸಾಹೇಬರ ಕಾಲಿಗೆ ನಮಸ್ಕಾರ ಮಾಡಿ ಏಳುವಾಗ ಕಣ್ಣು ಕತ್ತಲೆ ಬಂತು. ಹೋಳಿಗೆಯ ಒಲೆಯ ಮುಂದೆ ಬಹಳ ಹೊತ್ತು ಕೂತಿದ್ದೆ, ಅದಕ್ಕೆ. ಅವರು ಹಿಡಿದುಕೊಂಡರು, ಬಿಡಲೇ ಇಲ್ಲ. ಹಬ್ಬದ ದಿನ ಮುದುಕನಿಗೆ ಪ್ರೀತಿ ಉಕ್ಕಿದೆ ಅಂದುಕೊಂಡೆ. ಭಾನುವಾರದ ಹೊತ್ತಿಗೆ ದೇವರು ಕಣ್ಣು ಬಿಡಲಿ.

ಏಪ್ರಿಲ್ ೧೪, ಭಾನುವಾರ

ಹೇಗೆ ಬರೆಯಲಿ? ಆದದ್ದು ಆದ ಹಾಗೆಯೇ ಬರೆಯುತ್ತೇನೆ.

ಶಾಮಿಯಾನದ ಬಾಗಿಲಲ್ಲಿ ನರ್ಸ್ ಹೆಸರು ಬರೆದುಕೊಂಡಳು. “ಗಂಡನ ಹೆಸರು?” ಅಂದಳು. ನಾನು ಸಾಹೇಬರನ್ನು ಮೊಣಕೈಯಿಂದ ತಿವಿದೆ. “ಮರೆಪ್ಪ ಅಂತ ಬರಕೋರಿ” ಎಂದು ಅವರೇ ಹೇಳಿದರು. ಬಿಪಿ ನೋಡಿದರು. ಪರದೆಯ ಹಿಂದೆ ಮಲಗಿಸಿ, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ನನ್ನದು ಎರಡು ಸಲ ತೆಗೆದರು. ಮೆಷಿನ್ ಕೆಟ್ಟಿರಬೇಕು ಅಂದುಕೊಂಡೆ. ನನಗೆ ಆಗಲೂ ಅಷ್ಟೇ ತಿಳಿದದ್ದು.

ಡಾಕ್ಟರ್ ಹೆಸರು ಶ್ರೀರಂಜನಿ. ಚಿಕ್ಕ ವಯಸ್ಸು, ಮಾತು ಮೆತ್ತಗೆ. ಸಾಹೇಬರ ಪಟ್ಟಿಯನ್ನು ಮೊದಲು ನೋಡಿದರು.

“ಮರೆಪ್ಪನವರ ಹಾರ್ಟ್ ಚೆನ್ನಾಗಿದೆ. ಬಿಪಿನೂ ನಾರ್ಮಲ್. ಬೀಡಿ ಮಾತ್ರ ಪೂರ್ತಿ ಬಿಟ್ಬಿಡಿ.”

ನನಗೆ ಕುಣಿಯಬೇಕು ಅನ್ನಿಸಿತು. ಡಾಕ್ಟರಿಗೆ ಕೈ ಮುಗಿದು, ಸಾಹೇಬರ ತೋಳು ಹಿಡಿದು ಎದ್ದೇಬಿಟ್ಟೆ.

“ಕೂತ್ಕೊಳ್ಳಿ ದುರ್ಗವ್ವ, ನಿಮ್ಮದು ಇನ್ನೂ ಹೇಳಿಲ್ಲ.”

ನನ್ನ ಬಿಪಿ ತುಂಬಾ ಏರಿದೆಯಂತೆ. ಎದೆಯ ಬಡಿತ ನಡುನಡುವೆ ತಾಳ ತಪ್ಪುತ್ತಿದೆಯಂತೆ. ಮೇಡಂ ಒಂದೊಂದಾಗಿ ಕೇಳುತ್ತಾ ಹೋದರು. ಏದುಸಿರು ಬರುತ್ತಾ? ಇಲ್ಲ ಅಂದೆ. ತಲೆ ಸುತ್ತು? ಇಲ್ಲ. ಎದೆ ಹೊಡೆದುಕೊಳ್ಳೋದು? ಇಲ್ಲ ಮೇಡಂ, ನಾನು ಗಟ್ಟಿಮುಟ್ಟು ಅಂದೆ. ಆಗ ಸಾಹೇಬರು ಬಾಯಿ ಬಿಟ್ಟರು. ನಾಲ್ಕು ಮಾತು ಒಟ್ಟಿಗೆ ಆಡದ ಮನುಷ್ಯ.

“ಸುಳ್ಳು ಹೇಳಾಕತ್ತಾಳ್ರಿ ಮೇಡಂ. ದೀಪಾವಳಿಯಿಂದ ಹಿಂಗ ಆಗೇತ್ರಿ. ಅರ್ಧ ಮೆಟ್ಟಲಾ ಹತ್ತೂದ್ರಾಗ ತುಟಿ ಬಿಳಿಚತಾವು. ಮಕ್ಕೊಂಡಾಗೂ ಎದಿ ಜಿಗೀತೈತ್ರಿ, ಕೈ ಇಟ್ಟು ನೋಡೀನಿ. ಬಂಕಿನ್ಯಾಗ ಬಿದ್ದಿದ್ಳಂತ, ಅಕಿ ಜೋಡಿ ಕೆಲಸ ಮಾಡೋ ಅಕ್ಕನ ಹೇಳ್ಯಾಳ್ರಿ ನನಗ.”

“ನೀವಾದ್ರೂ ಹೇಳ್ಬಾರ್ದಿತ್ತಾ ಅವ್ರಿಗೆ?” ಎಂದರು ಮೇಡಂ.

“ಹೇಳಿದ್ರ ಕೇಳಬೇಕಲ್ರೀ. ‘ನಿನಗ ದಮ್ಮು ಹತ್ತೇತಿ, ನಿಲ್ಲು’ ಅಂದ್ರ ಇನ್ನೂ ಜೋರು ಹತ್ತತಾಳ. ನನಗ ಮಣಕಾಲ ನೋವು ಅಂದ್ರ ನಿಲ್ತಾಳ್ರಿ. ನನ್ನ ಸಲುವಾಗಿ ನಿಲ್ತಾಳ.”

“ಮೊಣಕಾಲು ತೋರ್ಸಿ, ನೋಡೋಣ.”

“ಮಣಕಾಲಿಗೇನೂ ಆಗಿಲ್ರಿ ಮೇಡಂ. ಕಲ್ಲಿನಂಗ ಗಟ್ಟಿ ಅದಾವು.”

ನಾನು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಗೋಡೆಗೆ ಕೈಕೊಟ್ಟು ನಿಂತದ್ದು, ತಂತಿ ಸುತ್ತಿದ ಕುರ್ಚಿ, ಬಸ್ ಸ್ಟಾಪಿನಲ್ಲಿ ಕಾದದ್ದು, ಎಲ್ಲವೂ ನನಗಾಗಿ! ಮತ್ತು ನಾನು? ಅವರ ಬೀಡಿ ಬಚ್ಚಿಟ್ಟೆ, ಅವರ ಉಪ್ಪು ಕಡಿಮೆ ಮಾಡಿದೆ. ಸಿಟ್ಟು ಬಂತು, ನಾಚಿಕೆ ಬಂತು, ಅಷ್ಟು ಜನರ ನಡುವೆ ಗೊಳೋ ಎಂದು ಅಳುವೂ ಬಂತು.

ಮೇಡಂ ನೀರು ಕೊಟ್ಟು, ನನ್ನ ಊಟ, ಕೆಲಸ ಎರಡರ ಬಗ್ಗೆಯೂ ಪೂರ್ತಿ ಕೇಳಿದರು. ಟ್ಯಾಂಕಿಗೆ ಕಿವಿ ಕೊಡುವುದನ್ನು ಹೇಳಿದಾಗ ಅವರ ಪೆನ್ನು ನಿಂತಿತು.

“ಪೆಟ್ರೋಲ್ ಆವಿ ವರ್ಷಗಟ್ಟಲೆ ಉಸಿರಲ್ಲಿ ಒಳಗೆ ಹೋಗ್ತಿದ್ರೆ ತಲೆನೋವು, ತಲೆಸುತ್ತು ಅಷ್ಟೇ ಅಲ್ಲ, ಬಿಪಿ ಏರಬಹುದು, ಹಾರ್ಟ್ ಬಡಿತ ಏರುಪೇರಾಗಬಹುದು. ನಿಮಗೆ ಅದೊಂದರಿಂದಲೇ ಆಗಿದೆ ಅಂತ ನಾನು ಹೇಳಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಟೆಸ್ಟ್ ಆಗ್ಬೇಕು. ಉಪ್ಪಿನಕಾಯಿನೂ ಸೇರಿರತ್ತೆ. ಆದ್ರೆ ಇನ್ಮೇಲೆ ಆ ಪಂಪಿನ ಹತ್ರ ನಿಲ್ಲೋದು ಬೇಡ. ವಾಸನೆ ಗೊತ್ತಾಗಲ್ಲ ಅಂದ್ರೆ ಪಳಗಿದ್ದೀವಿ ಅಂತಲ್ಲ ದುರ್ಗವ್ವ, ಅದು ಇನ್ನೂ ಅಪಾಯ.”

ಮನೆಗೆ ಬಂದೆವು. ಮೊದಲ ಮಹಡಿಯಲ್ಲಿ ಸಾಹೇಬರು ಅಭ್ಯಾಸಬಲದಿಂದ ಮೊಣಕಾಲು ಹಿಡಿದು ನಿಂತರು. ನಾನೂ ನಿಂತೆ.

ಏಪ್ರಿಲ್ ೧೫, ಸೋಮವಾರ

ಕೆಲಸಕ್ಕೆ ಹೋಗಲಿಲ್ಲ. ಭಯವಾಗುತ್ತಿದೆ.

ಏಪ್ರಿಲ್ ೨೨, ಸೋಮವಾರ

ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಓಡಾಟ. ಸೊಂಟಕ್ಕೆ ಒಂದು ಸಣ್ಣ ಪೆಟ್ಟಿಗೆ ಕಟ್ಟಿ, ಇಡೀ ದಿನದ ಬಡಿತ ಹಿಡಿದರು. ಹಾರ್ಟಿಗೆ ದೊಡ್ಡ ಪೆಟ್ಟೇನೂ ಆಗಿಲ್ಲ, ಸಮಯಕ್ಕೆ ಸರಿಯಾಗಿ ಬಂದಿದ್ದೀರಿ ಅಂದರು. ಬಿಪಿ ಮಾತ್ರೆ ಬಿಡುವ ಹಾಗಿಲ್ಲ. ಬಡಿತದ್ದು ಇನ್ನೂ ಮೂರು ತಿಂಗಳು ನೋಡಬೇಕಂತೆ. ಪಂಪು ಬೇಡವೇ ಬೇಡ ಎಂದು ಇಲ್ಲಿಯೂ ಹೇಳಿದರು.

ಇವತ್ತು ಬಂಕಿಗೆ ಹೋಗಿ ಕೃಷ್ಣಪ್ಪ ಸಾರ್‌ಗೆ ಎಲ್ಲ ಹೇಳಿದೆ. ಅವರು ತಲೆ ಕೆರೆದುಕೊಂಡರು.

“ನೀನು ಬಿಟ್ರೆ ಫುಲ್ ಟ್ಯಾಂಕ್ ಯಾರಮ್ಮ ಮಾಡ್ತಾರೆ? ನಿನ್ನನ್ನೇ ಕೇಳ್ಕೊಂಡು ಬರ್ತಾರೆ ಜನ.”

“ಯಾರೂ ಮಾಡೂದು ಬ್ಯಾಡ ಸಾರ್. ಮೆಷಿನ್ ನಿಂತ್ರ ನಿಲ್ಲಿಸಿಬಿಡಬೇಕು. ಆ ಹೊಸ ಹುಡುಗಿಗೆ ನೀವ ನನ್ನಂಗ ಬಗ್ಗಾಕ ಕಲಿಸೀರಿ, ಈಗ ನೀವ ಬ್ಯಾಡ ಅನ್ರಿ.”

ಇಷ್ಟು ದಿನ ಹಿಗ್ಗಿದ ಬಾಯಿಂದ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಸಾರ್ ಎದ್ದುಹೋಗಿ ಪಂಪಿನವರಿಗೆಲ್ಲ ಮೆಷಿನ್ ನಿಂತ ಮೇಲೆ ಒಂದು ಹನಿಯೂ ಹಾಕಬೇಡಿ ಎಂದು ಹೇಳಿದರು. ನನ್ನನ್ನು ಗೇಟಿನ ಆಚೆ ತುದಿಗೆ, ಹೊಂಗೆ ಮರದ ಕೆಳಗೆ ಗಾಳಿ ಹಾಕುವ ಕೆಲಸಕ್ಕೆ ಹಾಕಿದ್ದಾರೆ. ಅಲ್ಲಿಗೂ ವಾಸನೆ ಬರುತ್ತದೆ ಎಂದು ಸಾಹೇಬರು ಹೇಳಿದರೆ ಅದನ್ನೂ ಬಿಡುತ್ತೇನೆ. ನನ್ನ ಮೂಗನ್ನು ನಾನು ಸದ್ಯಕ್ಕೆ ನಂಬುವುದಿಲ್ಲ.

ಎರಡನೇ ಪಂಪಿನ ನಾಝಲ್ ಒಮ್ಮೆ ಮುಟ್ಟಿ ಬಂದೆ. ಕಣ್ಣಲ್ಲಿ ನೀರು ಬಂತು, ಬರಲಿ. ಚಿಕ್ಕಮುನಿಯಮ್ಮ “ಓಗು ಅಮ್ಮಿ, ಜೀವ ಇದ್ರೆ ಗಾ‍ಳೀನೂ ಹಾಕ್ಬೋದು, ನೀರೂ ಹಾಕ್ಬೋದು” ಅಂದಳು. ಬರುವ ವಾರ ನಿನಗೂ ಬಿಪಿ ನೋಡಿಸುತ್ತೇನೆ ಅಂದೆ. “ನಂಗೇನಾಗೈತೆ?” ಅಂದಳು. ಈ ಮಾತು ನಾನು ಎಲ್ಲಿಯೋ ಕೇಳಿದ್ದೇನೆ!

ಮೇ ೧೨, ಭಾನುವಾರ

ಸವಿತಾಳ ಮಗುವನ್ನು ಇವತ್ತು ತೊಟ್ಟಿಲಿಗೆ ಹಾಕಿದರು. ಹೆಣ್ಣು ಮಗು, ತಲೆ ತುಂಬ ಕೂದಲು. ಹೆಂಗಸರು ಮತ್ತೆ ಒಡಪು ಶುರು ಮಾಡಿದರು. ಗಂಡಸರು ಬಾಗಿಲಾಚೆ ಕೂತಿದ್ದರು, ನಮ್ಮವರೂ ಇದ್ದರು. ನನ್ನ ಸರದಿ ಬಂದಾಗ “ದುರ್ಗಕ್ಕಾ, ಬೆಳ್ಳಿ ಬಟ್ಟಲ ಹೇಳಬ್ಯಾಡ, ಹೊಸಾದು ಹೇಳು” ಎಂದು ಸವಿತಾ ಕೂಗಿದಳು. ನಾನು ಮಾತ್ರೆ ನುಂಗುವಾಗ, ಗಾಳಿ ಹಾಕುವಾಗ, ಕುರ್ಚಿಯಲ್ಲಿ ಕೂತಾಗ ಕಟ್ಟಿ ಇಟ್ಟುಕೊಂಡಿದ್ದೆ. ಸೆರಗು ಅಡ್ಡ ಹಿಡಿಯದೆ, ಬಾಗಿಲಾಚೆಗೂ ಕೇಳುವ ಹಾಗೆ ಹೇಳಿದೆ:

“ಮೂರನೇ ಮಾಳಿಗಿ ಮನಿ ನಮ್ದು, ಮೆಟ್ಟಲಾ ಸಾಲಸಾಲ,
ದಮ್ಮು ಹತ್ತೂದು ನನಗ, ನೋಯೂದು ಮರೆಪ್ಪನ ಮಣಕಾಲ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಬಾಗಿಲಾಚೆ ಗಂಡಸರೂ ನಕ್ಕರು. ಒಬ್ಬರ ನಗು ಮಾತ್ರ ಕೇಳಲಿಲ್ಲ. ಹೊರಗೆ ಬಂದರೆ ಅವರು ಗೋಡೆಯ ಕಡೆ ತಿರುಗಿ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮೇಲೆ ಹತ್ತಿದೆವು. ಎರಡನೇ ಮಹಡಿ ಬರುವ ಮೊದಲೇ ನಾನು ಕಂಬಿ ಹಿಡಿದು ನಿಂತೆ.

“ತಡೀರಿ, ದಮ್ಮು ಹತ್ತೇತಿ ನನಗ” ಅಂದೆ. ಬಾಯಿಬಿಟ್ಟು ಅಂದದ್ದು ಇದೇ ಮೊದಲು.

“ಹತ್ತಲಿ ತಗೋ. ನನಗೂ ಮಣಕಾಲ ಹಿಡದಾವು” ಅಂದರು.

ಸುಧಾರಿಸಿಕೊಂಡು, ನಿಧಾನಕ್ಕೆ ಹತ್ತಿ ಕುರ್ಚಿಯಲ್ಲಿ ಕೂತೆ. ತಂಪು ಗಾಳಿ ಬರುತ್ತಿತ್ತು. ಗಾಳಿ ಹಾಕಿಸಿಕೊಳ್ಳಲು ಬಂದವನೊಬ್ಬ ಟೈರಿನ ಬದಲು ತನ್ನ ಮಗನ ಫುಟ್‌ಬಾಲ್ ಕೊಟ್ಟ ಕಥೆ ಹೇಳಿದೆ, ಚಿಕ್ಕಮುನಿಯಮ್ಮ ಬಿಪಿ ಪಟ್ಟಿ ಕಂಡು ಓಡಿದ ಕಥೆ ಹೇಳಿದೆ, ಶೈಲಾ ರಜೆಗೆ ಬಂದರೆ ಏನೇನು ಮಾಡಬೇಕೆಂದು ಹೇಳಿದೆ. ಮರೆಪ್ಪ ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಒಂದು ಸಲವೂ ಆಕಳಿಸದೆ ಎಲ್ಲ ಕೇಳಿದರು.